ಬಸಲಿಂಗಪ್ಪನವರ ಎಡಗೆನ್ನೆ

ಈ ಕಥೆಗೆ ಬಾಗಿಲು ಯಾವ ಕಡೆ ಇಡಬೇಕೆಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ. ಕೊನೆಗೆ ಹೀಗೆ ಬರೆದೆ: "ಖಾನಾಪುರದ ಬಸ್ಸಿನ ಕಿಟಕಿಯಿಂದ ಪ್ರಮಿಳಾ ಹಿಂದಕ್ಕೆ ಸರಿಯುವ ಹೊಲಗಳನ್ನೇ ನೋಡುತ್ತಿದ್ದಳು."

"ಸರ, ನಾ ಬಸ್ಸಿನ್ಯಾಗ ನಿದ್ದಿ ಮಾಡ್ತೀನ್ರಿ," ಎಂದಳು ಪ್ರಮಿಳಾ.

ಅಳಿಸಿದೆ. (ಪಾತ್ರಗಳು ಮೊದಲ ವಾಕ್ಯಕ್ಕೇ ಬಾಯಿ ಹಾಕಿದರೆ ಬರೆಯುವವನ ಗತಿಯೇನು? ನೀವೇ ಹೇಳಿ.)

೧

ಪ್ರಮಿಳಾ ದಿನಾ ಖಾನಾಪುರದಿಂದ ಬೆಳಗಾವಿಗೆ ಬಂದು ಮಹಾಂತೇಶ ನಗರದ ಒಂದು ಅನಿಮೇಷನ್ ಸ್ಟುಡಿಯೋದಲ್ಲಿ ತ್ರೀಡಿ ಮಾಡೆಲ್ ಮಾಡುತ್ತಾಳೆ. ಕಂಪ್ಯೂಟರಿನೊಳಗೆ ಮನುಷ್ಯರನ್ನು ಕಡೆದು, ಮೂಳೆ ಕೂಡಿಸಿ, ನಡೆಸುವ ಕೆಲಸ. ಮಗಳು ಏನು ಮಾಡುತ್ತಾಳೆಂದು ಯಾರಾದರೂ ಕೇಳಿದರೆ ಅವಳ ತಾಯಿ ಸಾತವ್ವ "ಕಂಪ್ಯೂಟರಿನ್ಯಾಗ ಗೊಂಬಿ ಮಾಡ್ತಾಳ" ಎನ್ನುತ್ತಾಳೆ. ಇದಕ್ಕಿಂತ ಒಳ್ಳೆಯ ವಿವರಣೆ ನನಗೂ ಹೊಳೆದಿಲ್ಲ.

ಈ ಸಲದ ಗೊಂಬೆ ಬಸಲಿಂಗಪ್ಪನವರು. ರವಿವಾರ ಪೇಟೆಯ ಬೆಲ್ಲದ ವ್ಯಾಪಾರಿ, ತೀರಿಕೊಂಡು ವರ್ಷವಾಗುತ್ತ ಬಂತು. ಪುಣ್ಯಸ್ಮರಣೆಯ ದಿನ ಹಾಲ್‌ನ ಪರದೆಯ ಮೇಲೆ ಅಪ್ಪ ನಡೆದು ಬಂದು, ಕೈ ಮುಗಿದು, "ಬರ್ರಿ, ಕುಂದರ್ರಿ" ಅನ್ನಬೇಕೆಂಬುದು ಮಗ ಚೇತನನ ಆಸೆ. ದನಿ ಒಂದು ಮೊಬೈಲ್ ವಿಡಿಯೋದಲ್ಲಿ ಸಿಕ್ಕಿತು. (ವಿಡಿಯೋದ ತುಂಬ ಕಾಣುವುದು ಮೊಮ್ಮಗಳ ಆಟಿಕೆಗಳು, ಅಜ್ಜನ ದನಿ ಮಾತ್ರ ಎಲ್ಲಿಂದಲೋ ಬರುತ್ತದೆ.) ಮುಖಕ್ಕೆ ಫೋಟೋಗಳಿದ್ದವು. ಎಲ್ಲವೂ ಬಲಗಡೆಯಿಂದಲೇ ತೆಗೆದವು.

ಪ್ರಮಿಳಾ ತಲೆ ಕೆಡಿಸಿಕೊಳ್ಳಲಿಲ್ಲ. ಈ ಕೆಲಸದವರು ಸಾಮಾನ್ಯವಾಗಿ ಇಡೀ ಮುಖ ಮಾಡಲು ಹೋಗುವುದಿಲ್ಲ. ಅರ್ಧ ಮಾಡಿ, ಸಾಫ್ಟ್‌ವೇರಿನಲ್ಲಿ 'ಮಿರರ್' ಹಾಕುತ್ತಾರೆ. ಇನ್ನರ್ಧ ಕನ್ನಡಿಯಲ್ಲಿ ಮೂಡಿದಂತೆ ತಾನೇ ಬರುತ್ತದೆ. (ನಾನೂ ಹೀಗೇ ಕಥೆ ಬರೆಯುವುದು. ಯಾರಿಗೂ ಹೇಳಬೇಡಿ.)

೨

ಇಲ್ಲೊಂದು ಪ್ರೇಮಪ್ರಸಂಗ ಇತ್ತು. ಸ್ಟುಡಿಯೋದ ವಿನಯ, ಅವನು ತಂದ ಕುಂದಾ ಮಿಠಾಯಿಯ ಡಬ್ಬಿ, ಇತ್ಯಾದಿ. ಪ್ರಮಿಳಾ ಓದಿ "ಛೀ" ಎಂದಳು. ತೆಗೆದಿದ್ದೇನೆ.

೩

ತೊಂದರೆ ಶುರುವಾದದ್ದು ತುಟಿಯಿಂದ. ದನಿಗೆ ತುಟಿ ಹೊಂದಿಸಲು ಕುಳಿತರೆ ಹೊಂದುತ್ತಲೇ ಇಲ್ಲ. "ಬರ್ರಿ" ಎಂಬ ಮಾತು ಬಾಯೊಳಗೆ ಏನನ್ನೋ ಸುತ್ತು ಹಾಕಿ ಬಂದಂತಿದೆ. ಪ್ರಮಿಳಾ ಲ್ಯಾಪ್‌ಟಾಪ್ ಹೆಗಲಿಗೇರಿಸಿಕೊಂಡು ಸದಾಶಿವನಗರದ ಮನೆಗೇ ಹೋದಳು. ಬಸಲಿಂಗಪ್ಪನವರ ಹೆಂಡತಿ ಗೌರವ್ವನಿಗೆ ದನಿ ಕೇಳಿಸಿದಳು.

"ಎಲಿ-ಅಡಿಕಿ ತಂಗಿ ಅದು," ಎಂದರು ಗೌರವ್ವ. "ಎಲಿ, ಅಡಿಕಿ, ಸುಣ್ಣ, ತಂಬಾಕ. ಯಾವಾಗ ನೋಡಿದ್ರೂ ಎಡಗಲ್ಲ ಉಬ್ಬಿರತಿತ್ತು. ಫೋಟೋ ತಗಿಯೂ ಮುಂದ ನಾನ ಬೈತಿದ್ದೆ, 'ಸ್ವಲ್ಪ ಆ ಕಡೆ ತಿರಗ್ರಿ' ಅಂತ. ತಿರಗತಿದ್ರು, ಪಾಪ."

ಪ್ರಮಿಳಾ ಅಲ್ಲೇ ಕುಳಿತು ಮೌಸಿನಿಂದ ಕೆನ್ನೆಯನ್ನು ಹೊರಕ್ಕೆ ಎಳೆದಳು. ಮಿರರ್ ಇನ್ನೂ ಚಾಲೂ ಇರುವುದು ಆತುರದಲ್ಲಿ ಮರೆತುಹೋಗಿತ್ತು. ಎರಡೂ ಕೆನ್ನೆ ಉಬ್ಬಿದವು! ರವಿವಾರ ಪೇಟೆಯ ಮರ್ಯಾದಸ್ಥರು ಬಾಯಿತುಂಬ ಶೇಂಗಾ ತುಂಬಿಕೊಂಡ ಮಂಗನಂತೆ ಕೈ ಮುಗಿದು ನಿಂತರು.

ಗೌರವ್ವ ನಕ್ಕರು. ಸೆರಗು ಬಾಯಿಗೊತ್ತಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ. ನನಗೂ ಖುಷಿಯಾಯಿತು, ಮುಚ್ಚಿಡುವುದೇಕೆ.

ನಗು ಕೇಳಿ ಚೇತನ ಒಳಗಿಂದ ಬಂದ. ಪರದೆ ನೋಡಿ ಅವನ ಮುಖ ಕಪ್ಪಿಟ್ಟಿತು.

"ತಗೀರಿ ಅದನ್ನ! ಅಪ್ಪಗ ಕ್ಯಾನ್ಸರ್ ಆಗಿದ್ದು ಅದರಿಂದನ. ಕಡೀಕ ಡಾಕ್ಟರು ಆ ಬಾಜೂ ಪೂರಾ ಕೊರದ ತಗದ್ರು. ಈಗ ನನ್ ಮಗಳ ಮುಂದ, ಮಂದಿ ಮುಂದ, ಮತ್ತ ಅದನ್ನ ತುಂಬಿ ನಿಂದರಸೂದೇನು?"

"ಎಲಿ ಮಡಚಿ ಕೊಡಾಕಿ ನಾನ ಇದ್ನೆಪಾ," ಎಂದರು ಗೌರವ್ವ.

"ಅವ್ವಾ, ನಿನಗ ಯಾರರೆ ಏನರೆ ಅಂದಾರೇನು?"

"ಯಾರೂ ಅಂದಿಲ್ಲ. ಆದ್ರ ಆ ಗಲ್ಲ ಇಲ್ಲಂದ್ರ ಇವ್ರು ನಮ್ಮನಿಯವ್ರಲ್ಲ. ಯಾರೋ ಬ್ಯಾರೆ ಮನಷ್ಯಾ ಬಂದು ಕೈ ಮುಗದಂಗ ಆಗ್ತದ."

ಚೇತನ ಹೊರಗೆ ಹೋಗಿ ಕಾರಿನಲ್ಲಿ ಕುಳಿತು ಬಾಗಿಲು ಹಾಕಿಕೊಂಡ.

೪

ಅವನನ್ನು ಖಳನಾಯಕನನ್ನಾಗಿ ಮಾಡಿ ನೋಡಿದೆ, ಆಗಲಿಲ್ಲ. ಆಸ್ಪತ್ರೆಯಲ್ಲಿ ಅಪ್ಪನ ಕೆನ್ನೆಯ ಪಟ್ಟಿ ಬದಲಾಯಿಸುವಾಗಲೆಲ್ಲ ಬಾಜುಕ್ಕೆ ನಿಂತವನು ಅವನೇ. ಅಂಥವನನ್ನು ಬೈಯಲು ನನಗೆ ಮನಸ್ಸು ಬಾರದು. ಹಾಗಾಗಿ ಅಂತ್ಯಗಳ ಅಂಗಡಿ ತೆರೆದೆ.

ಅಂತ್ಯ ಅ: ಮಗನ ಮಾತು ನಡೆಯುತ್ತದೆ. ನುಣುಪು ಕೆನ್ನೆಯ ಬಸಲಿಂಗಪ್ಪನವರು ಪರದೆಗೆ ಬರುತ್ತಾರೆ, ಗೌರವ್ವ ಎದ್ದು ಅಡುಗೆಯವರ ಕಡೆ ಹೋಗುತ್ತಾರೆ.

ಅಂತ್ಯ ಆ: ತಾಯಿಯ ಮಾತು ನಡೆಯುತ್ತದೆ. ಮಗ ಹಾಲ್‌ನ ಹೊರಗೆ ನಿಲ್ಲುತ್ತಾನೆ.

ಅಂತ್ಯ ಇ: ಪ್ರಮಿಳಾ ಎರಡು ಫೈಲ್ ಮಾಡುತ್ತಾಳೆ. ಒಂದು ಹಾಲ್‌ಗೆ, ಒಂದು ಗೌರವ್ವನ ಮೊಬೈಲಿಗೆ. ಇದು ನನಗೆ ಬಹಳ ಹಿಡಿಸಿತು, ಬಹುಮಾನ ಬರುವಂಥ ಅಂತ್ಯ.

"ನನ್ನ ಗಂಡನ್ನ ನಾ ಯಾಕ ಕದ್ದು ನೋಡ್ಲಿ?" ಎಂದರು ಗೌರವ್ವ.

ಅಂಗಡಿ ಮುಚ್ಚಿದೆ.

೫ (ಸಂಖ್ಯೆ ಯಾಕೆ ಹಾಕುತ್ತಿದ್ದೇನೋ ಗೊತ್ತಿಲ್ಲ)

ಪ್ರಮಿಳಾ ಅನ್‌ಡು ಒತ್ತಿದಳು. ಕೆನ್ನೆಗಳು ಇಳಿದವು. ಸಮಾಧಾನದ ಮಾತು ಅವಳಿಗೆ ಬರುವುದಿಲ್ಲ. ಬರುವುದನ್ನೇ ಹೇಳಿದಳು.

"ಅವ್ವಾರ, ಒಂದ್ ಖರೇ ಹೇಳ್ಲೇನ್ರಿ? ಈ ಎಡಗಡೀದು ನಾ ಮಾಡೇ ಇಲ್ಲ. ಬಲಗಡೀದ ಹಂಗ ಕಾಣಸ್ತದ, ಅಷ್ಟ. ನೋಡ್ರಿ."

ಮಿರರ್ ಬಂದ್ ಮಾಡಿದಳು. ಬಸಲಿಂಗಪ್ಪನವರ ಅರ್ಧ ಮುಖ ಮಾಯವಾಯಿತು. ಮೂಗಿನ ನೇರಕ್ಕೆ ಕೊಯ್ದಂತೆ ನಿಂತಿತು, ಆಚೆಗೆ ಬರೀ ಬೂದುಬಣ್ಣ.

ಗೌರವ್ವ ಅಳುತ್ತಾರೆಂದು ನಾನು ಹೆದರಿದೆ. ಅವರು ಚಾಳೀಸು ಹಾಕಿಕೊಂಡರು, ಬಗ್ಗಿದರು, ಆ ಖಾಲಿ ಜಾಗದ ಮೇಲೆ, ಕೆನ್ನೆ ಇರಬೇಕಾದಲ್ಲಿ, ಅಂಗೈ ಇಟ್ಟರು.

"ಹಂಗಾರ ಈ ಬಾಜೂ ಯಾರೂ ಮುಟ್ಟಿಲ್ಲ?"

"ಇಲ್ರಿ ಅವ್ವಾರ."

"ಮಂದಿಗೆ ಹೆಂಗ ತೋರಸಬೇಕೋ ಚೇತನ ತೋರಸ್ಲಿ. ಅಂವನೂ ಭಾಳ ನೋಡ್ಯಾನ ಪಾಪ. ಈ ಬಾಜೂ ನನ್ನ ಕಡೆ ಇರ್ಲಿ."

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹೊರಗೆ ಕಾರಿನ ಬಾಗಿಲು ತೆರೆಯಿತು. ಮೆಟ್ಟಿಲ ಮೇಲೆ ಚೇತನನ ಹೆಜ್ಜೆ. ಇನ್ನು ಬಾಗಿಲಿಗೆ ಬಂದರೆ ಅವನಿಗೆ ಕಾಣುವುದು ಎಡಗಡೆ ಇಲ್ಲದ ಅಪ್ಪ, ಆಸ್ಪತ್ರೆಯಲ್ಲಿ ಕೊರೆದು ತೆಗೆದದ್ದಕ್ಕಿಂತ ಹೆಚ್ಚೇ ಹೋಗಿದೆ. ಆ ಇಲ್ಲದ ಕಡೆ ಅವ್ವನ ಕೈ. ಮಿರರ್ ಮತ್ತೆ ಹಾಕಲೋ ಬೇಡವೋ ತಿಳಿಯದೆ ಪ್ರಮಿಳಾಳ ಬೆರಳು ಮೌಸಿನ ಮೇಲೆ ನಿಂತಿದೆ. ಚೇತನ ಹೇಳಬೇಕಾದ ಒಳ್ಳೆಯ ಮಾತೊಂದನ್ನು ನಾನು ತಯಾರು ಮಾಡಿ ಇಟ್ಟುಕೊಂಡಿದ್ದೇನೆ, ಇನ್ನೇನು ಬರೆಯಬೇಕು.

"ಏನ್ರೀ ಸರ," ಎಂದರು ಗೌರವ್ವ, ಕೈ ತೆಗೆಯದೆ. "ಸ್ವಲ್ಪ ಆ ಕಡೆ ತಿರಗ್ರಿ."

ತಿರುಗಿದ್ದೇನೆ. ದಯವಿಟ್ಟು ನೀವೂ.