ಕಾಲಿಗೆ ಹಗ್ಗವಿರಲಿಲ್ಲ

ಬಳ್ಳಾರಿಯ ಗಾಂಧಿನಗರದ ಆ ಬಾಡಿಗೆ ಮನೆಯಲ್ಲಿ ಇದ್ದವರು ಇಬ್ಬರೇ, ಅತ್ತೆ ವಿರೂಪಮ್ಮ ಮತ್ತು ಸೊಸೆ ಅಕ್ಕನಾಗಮ್ಮ. ಇಬ್ಬರನ್ನೂ ಒಂದು ಸೂರಿನಡಿ ತಂದಿದ್ದ ಮಗ ಕೊಟ್ರಬಸಪ್ಪ ಕಾಮಾಲೆಯಿಂದ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಸೊಸೆ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಟೀಚರು. ಅವಳ ಸಂಬಳದಿಂದ ಮನೆ ನಡೆಯುತ್ತಿತ್ತು, ಅತ್ತೆಯ ಬಾಯಿಂದ ಸೊಸೆ ನಡೆಯುತ್ತಿದ್ದಳು ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಓಣಿಯವರ ಮಾತು ಬಿಡಿ, ಅವರ ಬಾಯಿಗೆ ಸಿಗದೆ ಉಳಿದವರು ಯಾರಿದ್ದಾರೆ? ಆ ಇಬ್ಬರು ಹೆಂಗಸರು ಜಗಳವಾಡಿದ್ದು ಕಡಿಮೆ. ಜಗಳವಾಡಿದ್ದರೆ ಒಳ್ಳೆಯದಿತ್ತು ಎಂದು ನನಗೆ ಈಗ ಅನ್ನಿಸುತ್ತದೆ.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಅದೇ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದ ಪೆರೇರಾ ಟೀಚರು ಆಸ್ಟ್ರೇಲಿಯಾಕ್ಕೆ ಹೊರಟರು. ಕಂಟೋನ್ಮೆಂಟಿನ ಅವರ ಹಳೆಯ ಬಂಗಲೆಯಲ್ಲಿ ಸಾಮಾನು ಹಂಚುವ ಗಲಾಟೆ. ಹೆಡ್‌ಮಿಸ್ಸಿಗೆ ಬೆತ್ತದ ಕುರ್ಚಿ ಸಿಕ್ಕಿತು, ಜವಾನನಿಗೆ ಸೈಕಲ್ಲು ಸಿಕ್ಕಿತು. ಅಕ್ಕನಾಗಮ್ಮನಿಗೆ ಸಿಕ್ಕಿದ್ದು ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟು ಎಲೆ. ಅವಳ ಅದೃಷ್ಟವೇ ಅಷ್ಟು.

"ಇಸ್ಪೀಟಾ ಟೀಚರ್?" ಎಂದು ಅವಳು ಗಾಬರಿಯಾದಳು.

"ಇಸ್ಪೀಟಲ್ಲ, ಟ್ಯಾರೋ. ಚಿತ್ರದ ಎಲೆ, ಇದನ್ನಿಟ್ಟು ಭವಿಷ್ಯ ಹೇಳ್ತಾರೆ ಜನ. ನನ್ನ ತಮ್ಮ ಹಡಗಲ್ಲಿ ಕೆಲಸ ಮಾಡ್ತಿದ್ದನಲ್ಲ, ಅವನು ತಂದಿದ್ದು."

"ಹಂಗಾರ ಗಿಣಿಶಾಸ್ತ್ರ ಇದ್ದಂಗ. ಮುಂದ ಆಗೋದು ಹೇಳ್ತೈತೇನು?"

"ಗಿಣಿಗೂ ಏನೂ ಗೊತ್ತಿಲ್ಲ, ಈ ಎಲೆಗೂ ಏನೂ ಗೊತ್ತಿಲ್ಲ. ಗೊತ್ತಿರೋದು ನಿನಗೆ. ನೀನು ಬಾಯಿ ಬಿಟ್ಟು ಹೇಳಲ್ಲ, ಅಷ್ಟೇ. ಒಂದು ತೆಗಿ ನೋಡೋಣ."

ಅವಳು ಒಂದು ಎಲೆ ಎಳೆದಳು. ಪೆರೇರಾ ಟೀಚರು ಅದರ ಹೆಸರು ಹೇಳಲಿಲ್ಲ, ಅರ್ಥವನ್ನೂ ಹೇಳಲಿಲ್ಲ. ಏನು ಕಾಣುತ್ತದೆ ಎಂದು ಮಾತ್ರ ಕೇಳಿದರು.

"ಒಬ್ಬಾಕಿ ಹೆಣಮಗಳು. ಕಣ್ಣಿಗೆ ಬಟ್ಟಿ ಕಟ್ಯಾರ. ಮೈಗೆ ಹಗ್ಗ ಸುತ್ಯಾರ. ಸುತ್ತಾಲ ಕತ್ತಿ ನೆಟ್ಟಾರ."

"ಯಾರು ಕಟ್ಟಿದ್ದು?"

"ಯಾರೂ ಕಾಣವಲ್ರು."

"ಕಾಲು ನೋಡು. ಕಾಲಿಗೆ ಹಗ್ಗ ಇದೆಯಾ?"

ಇರಲಿಲ್ಲ. ಅಕ್ಕನಾಗಮ್ಮನಿಗೆ ಯಾಕೋ ಸಿಟ್ಟು ಬಂತು. "ಕಾಲು ಬಿಟ್ರ ಏನ್ ಬಂತು ಟೀಚರ್? ಕಣ್ಣು ಕಾಣದಾಕಿ ಎಲ್ಲಿಗಂತ ಹೋಗ್ತಾಳ?" ಎಂದಳು.

ಪೆರೇರಾ ಟೀಚರು ನಕ್ಕರು. "ನೋಡು, ಈಗ ಆಡಿದ ಮಾತು ಎಲೆ ಆಡಿದ್ದಲ್ಲ, ನೀನು ಆಡಿದ್ದು. ಇದನ್ನ ಓದೋದು ಅಂದ್ರೆ ಇಷ್ಟೇ."

ಆಮೇಲೆ ಸಾಮಾನು ಕಟ್ಟುತ್ತಲೇ ಅವರು ಪಾಠ ಹೇಳಿದರು. ಬೆಳಿಗ್ಗೆ ಒಂದೇ ಎಲೆ ಸಾಕು. ಜೊತೆಗಿರುವ ಪುಸ್ತಕ ಮೊದಲು ತೆರೆಯಬೇಡ. ಕಂಡದ್ದನ್ನು ಬಾಯಿಬಿಟ್ಟು ಹೇಳು, ಆಮೇಲೆ ಆ ಚಿತ್ರದಲ್ಲಿ ನೀನು ಎಲ್ಲಿದ್ದೀಯ ಹುಡುಕು. ಆಗುತ್ತದೋ ಇಲ್ಲವೋ ಎಂದು ಕೇಳಲೇಬೇಡ, ನಾನು ಏನು ಮಾಡುತ್ತಿದ್ದೇನೆ ಎಂದು ಕೇಳು. "ಇನ್ನೊಂದು. ಪ್ರಶ್ನೆ ನಿಂದೇ ಇರಬೇಕು. ಬೇರೆಯವರ ಪ್ರಶ್ನೆ ಹಿಡ್ಕೊಂಡು ಕೂತ್ರೆ ಬರೋ ಉತ್ತರಾನೂ ಅವರದೇ."

ಅಕ್ಕನಾಗಮ್ಮ ಆ ಕಟ್ಟನ್ನು ಜೋಳದ ಡಬ್ಬಿಯ ಹಿಂದೆ ಇಟ್ಟಳು. ಬೆಳಿಗ್ಗೆ ಅತ್ತೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಾಗ ಇವಳು ಅಡುಗೆಮನೆಯ ಬಾಗಿಲಲ್ಲಿ ಕೂತು ಅಂಗೈ ಮೇಲೆ ಎಲೆ ಹಿಡಿಯುತ್ತಿದ್ದಳು. ಅಂಗೈಯನ್ನು ದಿಟ್ಟಿಸಿ ಕೂರುವುದು ಅವಳಿಗೇನು ಹೊಸದೇ? ಏಳೆಂಟು ವರ್ಷದ ಹುಡುಗಿಯಾಗಿದ್ದಾಗಿನಿಂದ ರೂಢಿ. ಎಲೆಯೊಂದರಲ್ಲಿ ಲಾಂದ್ರ ಹಿಡಿದ ಗಡ್ಡದ ಮುದುಕನನ್ನು ಮೊದಲ ಸಲ ಕಂಡಾಗ ಹಲಕುಂದಿ ಮಠದ ಕಡೆಯ ಯಾರೋ ಅಯ್ಯನವರೆಂದುಕೊಂಡು ಕೈ ಮುಗಿದಿದ್ದಳಂತೆ. ವಿರೂಪಮ್ಮ ಒಂದು ದಿನ ನೋಡಿಬಿಟ್ಟಳು. "ಇಸ್ಪೀಟು ಹಿಡಿಯಾಕ ಗಣಮಕ್ಕಳು ಸಾಲದು ಅಂತ ನೀನೂ ಹಿಡದ್ಯಾ?" ಎಂದು ಗೊಣಗಿದಳು. ಆದರೆ ಬಿಡು ಎನ್ನಲಿಲ್ಲ. ಮನೆಯಲ್ಲೇ ಕೂತು ಮಾಡುವ ಯಾವ ಹುಚ್ಚಿಗೂ ಅವಳ ಅಡ್ಡಿ ಇರಲಿಲ್ಲ.

ಆ ಮಳೆಗಾಲದ ಕೊನೆಗೆ ಚಂದ್ರಣ್ಣ ಬಂದ. ಸಿರುಗುಪ್ಪದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಬಳ್ಳಾರಿಯ ತರಬೇತಿಯೊಂದರಲ್ಲಿ ಅವನಿಗೂ ಅಕ್ಕನಾಗಮ್ಮನಿಗೂ ಪರಿಚಯವಾಗಿತ್ತು. ಊಟದ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಡಬ್ಬಿ ಬಿಚ್ಚುತ್ತಿದ್ದರೆ ಅವನು ತಾನೇ ಬಡಿದ ವಕ್ರ ರೊಟ್ಟಿಯನ್ನು ನಾಚಿಕೆಯಿಲ್ಲದೆ ಎಲ್ಲರಿಗೂ ತೋರಿಸಿ ನಗಿಸುತ್ತಿದ್ದ. ಅವಳು ನಕ್ಕಿದ್ದಳು. ಅಷ್ಟು ಜೋರಾಗಿ ನಕ್ಕು ಎಷ್ಟು ಕಾಲವಾಯಿತು ಎಂದು ಅವಳಿಗೇ ಆಶ್ಚರ್ಯವಾಗಿತ್ತು.

ಈಗ ಅವನು ತನ್ನ ಅಕ್ಕನನ್ನು ಕರೆದುಕೊಂಡು ಮನೆಗೇ ಬಂದಿದ್ದ. ಉಡಿಕೆ ಕೇಳಲು. ಗಂಡ ಸತ್ತವಳಿಗೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದು ಅವರ ಜನರಲ್ಲಿ ಹಿಂದಿನಿಂದ ಬಂದ ಪದ್ಧತಿ. ನಾಲ್ಕು ಅಕ್ಷರ ಕಲಿತ ಮನೆಗಳಲ್ಲಿ ಮಾತ್ರ ಅದಕ್ಕೆ ಈಚೆಗೆ ಮೂಗು ಮುರಿಯುತ್ತಿದ್ದರು. ಕಲಿತವರ ಕಥೆಯೇ ಹೀಗೆ, ಇದ್ದ ಒಂದು ಬಾಗಿಲನ್ನೂ ಮುಚ್ಚಿ ಅದಕ್ಕೆ ಮರ್ಯಾದೆ ಎಂದು ಹೆಸರಿಡುತ್ತಾರೆ.

ವಿರೂಪಮ್ಮ ಮೂಗು ಮುರಿಯಲಿಲ್ಲ. ಬಂದವರಿಗೆ ಚಹಾ ಕೊಟ್ಟಳು. "ನನ್ನ ಕೈಯಾಗ ಏನೈತಪ್ಪ? ಕುರುಗೋಡಾಗ ನಮ್ಮ ಮನಿದೇವರು ಅದಾನ. ಹೂ ಕೇಳ್ತೀನಿ. ಕೊಟ್ರ ಕರಕೊಂಡು ಹೋಗ್ರಿ" ಎಂದಳು.

ಅಂದಿನಿಂದ ಅಕ್ಕನಾಗಮ್ಮನ ಎಲೆಗಳೆಲ್ಲ ಸಿರುಗುಪ್ಪದ ದಾರಿ ಹಿಡಿದವು. ಯಾವ ಚಿತ್ರ ಬಂದರೂ ಅದರಲ್ಲಿ ಬಸ್ಸು ಹತ್ತುವ ಹೆಂಗಸೇ ಕಾಣುತ್ತಿದ್ದಳು. ಹೋಗಬೇಕು ಎಂಬ ಆಸೆ ಅಷ್ಟಿತ್ತು. ಅದರ ಬೆನ್ನಿಗೇ ಅಂಜಿಕೆಯೂ ಅಷ್ಟೇ ಇತ್ತು. ಗಂಡನ ಕಣ್ಣು, ಉಗುರು, ಕೊನೆಗೆ ಹಾಸಿಗೆಯ ಬಟ್ಟೆ ಕೂಡ ಹಳದಿಯಾಗುವುದನ್ನು ನೋಡಿದವಳು ಅವಳು. ಇನ್ನೊಬ್ಬನ ಬಾಗಿಲು ಹೊಕ್ಕು, ಅವನಿಗೂ ಏನಾದರೂ ಆದರೆ? ಉಡಿಕೆಯವಳು ಎಂದು ಶುಭಕಾರ್ಯದಲ್ಲಿ ಹಿಂದೆ ಕೂರಿಸಿದರೆ? ಶಾಲೆಯ ಹುಡುಗಿಯರು ಬಾಯಿಗೆ ಸೆರಗು ಹಿಡಿದು ನಕ್ಕರೆ? ಬೆಳಿಗ್ಗೆ ಎಲೆ ಹಿಡಿದು ಹೋಗುತ್ತೇನೆ ಎನ್ನುತ್ತಿದ್ದಳು. ಸಂಜೆ ಮನೆಗೆ ಬರುವಷ್ಟರಲ್ಲಿ ಎದೆ ಪುಕ್ಕಲಾಗಿರುತ್ತಿತ್ತು.

ಹೂ ಕೇಳುವ ಸೋಮವಾರ ಅತ್ತೆ ಸೊಸೆ ಇಬ್ಬರೇ ಕುರುಗೋಡಿಗೆ ಹೋದರು. ಗುಡ್ಡದ ಬುಡದಲ್ಲಿ ಒಂದು ಸಣ್ಣ ಕಲ್ಲಿನ ಗುಡಿ. ಪೂಜಾರಿ ಒದ್ದೆ ಕಣಗಿಲೆ ಹೂಗಳನ್ನು ಲಿಂಗದ ಎಡಕ್ಕೂ ಬಲಕ್ಕೂ ಒತ್ತಿ ಅಂಟಿಸಿದ. ಬಲಗಡೆಯ ಹೂ ಮೊದಲು ಬಿದ್ದರೆ ದೇವರು ಹೂಂ ಅಂದಂತೆ, ಎಡಗಡೆಯದು ಬಿದ್ದರೆ ಬೇಡ ಅಂದಂತೆ. ಕೇಳಬೇಕಾದವರು ಮನೆಯ ಹಿರಿಯರು. ಕೇಳುವುದು ಮನಸ್ಸಿನಲ್ಲಿ. ಹೂ ಬೀಳುವ ತನಕ ಏನು ಕೇಳಿದೆ ಎಂದು ಬಾಯಿಬಿಡುವಂತಿಲ್ಲ. ಒಮ್ಮೆ ಕೇಳಿದ್ದನ್ನು ಮತ್ತೆ ಕೇಳುವಂತೆಯೂ ಇಲ್ಲ.

ವಿರೂಪಮ್ಮ ಕಣ್ಣು ಮುಚ್ಚಿ ಕೈ ಮುಗಿದು ಕೂತಳು. ಅಕ್ಕನಾಗಮ್ಮ ಕಣ್ಣು ಮುಚ್ಚಲಿಲ್ಲ. ಹೂಗಳನ್ನೇ ನೋಡುತ್ತ ಕೂತಳು. ಗುಡಿಯೊಳಗೆ ಎಣ್ಣೆಯ ಕಮಟು. ಬಹಳ ಹೊತ್ತಾಯಿತು. ಆಮೇಲೆ ಬಲಗಡೆಯ ಹೂ ಸದ್ದಿಲ್ಲದೆ ಜಾರಿ ಬಿತ್ತು.

ಸಂತೋಷವೆಂದರೆ ಹೀಗಿರುತ್ತದೆ ಎಂಬುದೇ ಅಕ್ಕನಾಗಮ್ಮನಿಗೆ ಮರೆತುಹೋಗಿತ್ತು. ಪೂಜಾರಿ "ಬಲಕ್ಕಾತು ನೋಡ್ರಿ ತಾಯಿ" ಎಂದು ಆ ಹೂವನ್ನು ಎತ್ತಿ ಕೊಟ್ಟ. ವಿರೂಪಮ್ಮ ಅದನ್ನು ಕಣ್ಣಿಗೆ ಒತ್ತಿಕೊಂಡಳು. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ, ಸೊಸೆಯ ಮುಖ ನೋಡದೆ ಹೇಳಿದಳು: "ನನ್ನ ಸೊಸಿ ನನ್ನ ಮನಿಯಾಗ ಇರಲೇನಪ್ಪ ಅಂತ ಕೇಳಿದ್ದೆ. ಇರಲಿ ಅಂದ."

ಅಕ್ಕನಾಗಮ್ಮ ತನ್ನ ಚಪ್ಪಲಿ ಮೆಟ್ಟಿ ಮುಂದೆ ನಡೆದಳು.

ಕುರುಗೋಡಿನ ಬಸ್ ನಿಲ್ದಾಣದಲ್ಲಿ ಮೊದಲು ಬಂದದ್ದು ಸಿರುಗುಪ್ಪದ ಬಸ್ಸು. "ಸಿರುಗುಪ್ಪ ಸಿರುಗುಪ್ಪ, ಬರ್ರಿ ಬರ್ರಿ, ಜಾಗ ಐತಿ" ಎಂದು ಕಂಡಕ್ಟರ್ ಕೂಗಿದ. ಜಾಗ ನಿಜವಾಗಿಯೂ ಇತ್ತು. ವಿರೂಪಮ್ಮ ಸೊಸೆಯ ಸೆರಗಿನ ತುದಿಯನ್ನು, ತನಗೇ ಗೊತ್ತಿಲ್ಲದವಳಂತೆ, ಹಿಡಿದುಕೊಂಡಿದ್ದಳು. ಬಸ್ಸು ಹೋಯಿತು. ಆಮೇಲೆ ಬಳ್ಳಾರಿಯ ಬಸ್ಸು ಬಂತು, ಅದರಲ್ಲಿ ನಿಂತುಕೊಂಡೇ ಬಂದರು.

ಮರುದಿನ ಬೆಳಿಗ್ಗೆ ಅಕ್ಕನಾಗಮ್ಮ ರೂಢಿಯಂತೆ ಎಲೆ ತೆಗೆದಳು. ಬಣ್ಣದ ಗಾಜಿನ ಕಿಟಕಿ, ಒಳಗೆ ಬೆಳಕು. ಹೊರಗೆ ಹರಕು ಶಾಲು ಹೊದ್ದ, ಬರಿಗಾಲಿನ ಒಬ್ಬ ಹೆಂಗಸು, ಅವಳ ಹಿಂದೆ ಕುಂಟುವ ಒಬ್ಬ ಗಂಡಸು. ಮೇಲಿನಿಂದ ಬೀಳುತ್ತಿದ್ದದ್ದು ಹಿಮವೆಂದು ಅವಳಿಗೆ ಹೊಳೆಯಲಿಲ್ಲ. ಹಿಮವನ್ನು ಅವಳು ಎಲ್ಲಿ ಕಂಡಿದ್ದಳು? ಜಿನ್ನಿಂಗ್ ಮಿಲ್ಲಿನಿಂದ ಹತ್ತಿ ಹಾರುತ್ತಿದೆ ಎಂದುಕೊಂಡಳು. ಪಾಠದಂತೆ ಮೆಲ್ಲಗೆ ಹೇಳಿಕೊಂಡಳು: "ಒಬ್ಬಾಕಿ ಮುದುಕಿ. ಎಲ್ಲಾರೂ ಬಿಟ್ಟು ಹೋಗ್ಯಾರ. ಒಳಗ ದೀಪ ಐತಿ, ಆಕಿನ್ನ ಯಾರೂ ಕರಿಯವಲ್ರು. ಅಂಜ್ಯಾಳ. ಅಂಜಿ..."

ತಲೆ ಎತ್ತಿದಳು. ಎದುರಿಗೆ ವಿರೂಪಮ್ಮ ಪೂಜೆಗೆ ಕೂತಿದ್ದಳು. ಅಂಗೈಯಲ್ಲಿ ಲಿಂಗವಿತ್ತು, ಕಣ್ಣು ಮಾತ್ರ ಸೊಸೆಯ ಮೇಲಿತ್ತು. ಮುಂದಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಕ್ಕನಾಗಮ್ಮ ಅದನ್ನು ಆಡಲಿಲ್ಲ. ಎಲೆ ಮಗುಚಿ ಕಟ್ಟಿನೊಳಗೆ ಸೇರಿಸಿ, ಒಲೆಯ ಮೇಲೆ ಹಂಚು ಇಟ್ಟಳು.

ಸುದ್ದಿ ತಿಳಿದು ಚಂದ್ರಣ್ಣ ಒಂದು ಮಧ್ಯಾಹ್ನ ಶಾಲೆಯ ಗೇಟಿನ ಹತ್ತಿರ ಬಂದು ನಿಂತ. ಈ ಸಲ ಅವನ ಮುಖದಲ್ಲಿ ನಗೆ ಇರಲಿಲ್ಲ.

"ಹೂವಿನ ಮಾತು ಬಿಡ್ರಿ ಟೀಚರ್. ನಿಮ್ಮ ಬಾಯಿಲೆ ಹೇಳ್ರಿ. ನನಗ ಮನಸಿಲ್ಲ ಅಂತ ನೀವ ಅಂದ್ರ ಸುಮ್ಮನ ಹೊಕ್ಕೀನಿ."

ಎಷ್ಟು ಸುಲಭದ ಪ್ರಶ್ನೆ! ಇದೇ ಪ್ರಶ್ನೆಗೆ ತಿಂಗಳಿಂದ ದಿನಾ ಬೆಳಿಗ್ಗೆ ಅವಳು ಉತ್ತರ ಹೇಳಿಕೊಂಡಿದ್ದಳು. ಅಂಗೈಯಲ್ಲಿ ಎಲೆ ಇದ್ದಾಗ ಗಳಗಳ ಬರುತ್ತಿದ್ದ ಮಾತು ಮನುಷ್ಯ ಎದುರು ನಿಂತಾಗ ಬರಲಿಲ್ಲ.

"ಹೂ ಆಗಲಿಲ್ಲರಿ" ಎಂದಳು.

ಅವನು "ಆತು ಬಿಡ್ರಿ" ಎಂದು ಹೋದ. ಮರುವರ್ಷ ಅವನ ಮದುವೆಯಾಯಿತೆಂದು, ಮಗಳು ಹುಟ್ಟಿದಳೆಂದು ಆಗೀಗ ಸುದ್ದಿ ಬರುತ್ತಿತ್ತು. ಅಕ್ಕನಾಗಮ್ಮ ಎಲ್ಲವನ್ನೂ ಕೇಳಿಸಿಕೊಂಡಳು, ಒಳ್ಳೇದಾತು ಎಂದಳು, ಬಚ್ಚಲಿಗೆ ಹೋಗಿ ಅತ್ತಳು. ಎಲೆ ನೋಡುವುದನ್ನು ಮಾತ್ರ ಬಿಡಲಿಲ್ಲ. ಅವಳು ಅದರಲ್ಲಿ ಪಳಗಿದಳು. ತನ್ನ ಆಸೆ ಯಾವುದು, ಸಿಟ್ಟು ಯಾವುದು, ಸೋಗು ಯಾವುದು ಎಂದು ಅವಳಷ್ಟು ಬಿಡಿಸಿ ಹೇಳಬಲ್ಲವರು ಆ ಊರಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ. ಅದರಿಂದ ಏನಾಯಿತು? ತನ್ನ ಬಾಳು ಹಾಳಾಗುವುದನ್ನು ಬೇರೆಯವರು ಅರೆಗಣ್ಣಿನಲ್ಲಿ ನೋಡುತ್ತಾರೆ, ಅವಳು ಕಣ್ಣು ತೆರೆದು ನೋಡಿದಳು. ಇಷ್ಟೇ ವ್ಯತ್ಯಾಸ. ಪೆರೇರಾ ಟೀಚರು ಕಾಣುವುದನ್ನು ಕಲಿಸಿ ಹೋದರು. ಕಂಡ ಮೇಲೆ ಏಳುವುದು ಹೇಗೆಂದು ಅವರಿಗೂ ಗೊತ್ತಿತ್ತೋ ಇಲ್ಲವೋ.

ಎಂಬತ್ಮೂರರಲ್ಲಿ ವಿರೂಪಮ್ಮನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಸತ್ತವು. ನಾಲಿಗೆ ತೊದಲಿದರೂ ಮಾತು ಉಳಿಯಿತು. ಅಕ್ಕನಾಗಮ್ಮ ಶಾಲೆಗೆ ಹೋಗುವ ಮೊದಲು ಮೈ ಒರೆಸಿ, ಹಾಸಿಗೆ ಬದಲಿಸಿ, ಗಂಜಿ ಕುಡಿಸುತ್ತಿದ್ದಳು. ಮತ್ತೆ ಅದೇ ಹಾಸಿಗೆ, ಅದೇ ವಾಸನೆ. ಸಿರುಗುಪ್ಪಕ್ಕೆ ಹೋದರೆ ಎಲ್ಲಿ ಗಂಟು ಬೀಳುತ್ತದೋ ಎಂದು ಯಾವುದಕ್ಕೆ ಅಂಜಿದ್ದಳೋ ಅದೇ ಬಳ್ಳಾರಿಯಲ್ಲಿ ಅವಳನ್ನು ಹುಡುಕಿಕೊಂಡು ಬಂದಿತ್ತು.

ಒಂದು ಬೆಳಿಗ್ಗೆ ವಿರೂಪಮ್ಮ ಚಮಚವನ್ನು ಬಲಗೈಯಿಂದ ತಡೆದಳು.

"ನಾಗಮ್ಮ, ಒಂದು ಮಾತು ಐತಿ. ನುಂಗಿಕೊಂಡ ಸಾಯಬಾರದು."

"ಗಂಜಿ ಆರ್ತೈತಿ ಅತ್ತಿ. ಕುಡದು ಹೇಳ್ರಿ."

"ಕುರುಗೋಡಾಗ ನಾ ಕೇಳಿದ್ದು ನೀ ಇರಲಿ ಅಂತಲ್ಲ. ಸೊಸಿ ಹೋಗಲೇನಪ್ಪ ಅಂತ ಕೇಳಿದ್ದೆ. ದೇವರು ಹೋಗಲಿ ಅಂದ, ಬಲಕ್ಕ ಕೊಟ್ಟ. ಹೂ ಬಿದ್ದಿದ್ದ ತಡ, ನನ್ನ ಜೀವ ಝಲ್ಲಂತು. ನನ್ನ ಯಾರು ನೋಡ್ತಾರ ಅಂತ ಅಂಜಿ, ದೇವರ ಬಾಗಿಲಾಗ ನಿಂತು ಸುಳ್ಳು ಹೇಳಿದೆ." ಮುದುಕಿಯ ಒಂದೇ ಕಣ್ಣಿನಿಂದ ನೀರು ಇಳಿಯಿತು. "ಬೈಯವ್ವ. ಹೊಡಿ ಬೇಕಾದ್ರ."

ಅಕ್ಕನಾಗಮ್ಮ ಚಮಚವನ್ನು ಬಟ್ಟಲಿನಲ್ಲಿ ತಿರುವುತ್ತಿದ್ದಳು.

"ನನಗ ಗೊತ್ತಿತ್ತು ಅತ್ತಿ."

"ಯಾವಾಗ?"

"ಮರುದಿನ ಮುಂಜಾನಿ. ಎಲಿ ಹಿಡಕೊಂಡು ಕೂತಾಗ. ನೀವು ಪೂಜಿ ಬಿಟ್ಟು ನನ್ನ ನೋಡಾಕತ್ತಿದ್ರಿ. ಮುಖ ನೋಡಿದ ಕೂಡಲೇ ತಿಳೀತು."

ವಿರೂಪಮ್ಮನ ಬಾಯಿ ಒಂದು ಕಡೆ ತೆರೆದೇ ಉಳಿಯಿತು. ಇಷ್ಟು ವರ್ಷ ತನ್ನೊಬ್ಬಳದೇ ಎಂದು ಹೊತ್ತ ಪಾಪ ಅದು. ಈಗ ಅವಳಿಗೆ ಬಂದದ್ದು ಸಮಾಧಾನವಲ್ಲ, ಸಿಟ್ಟು.

"ಗೊತ್ತಿದ್ದೂ ಯಾಕ ಹೋಗಲಿಲ್ಲ? ಆ ಮೇಷ್ಟ್ರು ಸಾಲಿ ತನಕ ಬಂದಿದ್ನಂತಲ್ಲ. ನಿನ್ನ ಯಾರು ಹಿಡಿದಿದ್ರು?"

ಎಲೆಗಳ ಎದುರು ದಿನಾ ಕೂತು ಅವಳು ಎಲ್ಲವನ್ನೂ ಕೇಳಿಕೊಂಡಿದ್ದಳು, ಇದೊಂದನ್ನು ಬಿಟ್ಟು. ಕೇಳಿಕೊಳ್ಳದೆಯೇ ಉತ್ತರ ಗೊತ್ತಿತ್ತು, ಅದಕ್ಕೇ ಕೇಳಿಕೊಂಡಿರಲಿಲ್ಲ.

"ಯಾರೂ ಹಿಡಿದಿರಲಿಲ್ಲ. ಅಂಜಿಕಿ ನಿಮಗಷ್ಟ ಇತ್ತೇನು? ನೀವು ಸುಳ್ಳು ಹೇಳಿದ್ರಿ, ನನಗ ಅದು ಬೇಕಾಗಿತ್ತು, ತಗೊಂಡೆ" ಎಂದಳು. ಆಮೇಲೆ ಚಮಚ ಎತ್ತಿದಳು. "ಬಾಯಿ ತೆಗೀರಿ ಅತ್ತಿ, ಸಾಲಿಗೆ ಹೊತ್ತಾಗ್ತೈತಿ."