ಹದಿನೆಂಟನೆಯ ಚಿತ್ರ

“ಸ್ಲೈಡಿನ ಚೌಕಟ್ಟು ಬಿಚ್ಚೋದು ಬೇಡ,” ಎಂದ ಅಪ್ಪ, ಅಂಗಡಿಯವನ ಬೆರಳುಗಳನ್ನೇ ನೋಡುತ್ತ. “ಹಾಗೇ ಸ್ಕ್ಯಾನ್ ಮಾಡೋ ಮಷೀನ್ ಯಾವುದೋ ಅದನ್ನೇ ಕೊಡಿ.”

ಮಗಳಿಗೆ ಒಳಗೊಳಗೇ ನಗು. ಫಿಲ್ಮ್ ತೊಳೆಯುವ ಲ್ಯಾಬಿನಲ್ಲಿ ಮೂವತ್ತು ವರ್ಷ ದುಡಿದವನು ಅಪ್ಪ. ಮನೆಯಲ್ಲಿರುವ ಸ್ಲೈಡುಗಳನ್ನೆಲ್ಲ ತಾನೇ ತೊಳೆದು, ಒಂದೊಂದಾಗಿ ಕತ್ತರಿಸಿ, ಪ್ಲಾಸ್ಟಿಕ್ ಚೌಕಟ್ಟಿನೊಳಗೆ ಕೂರಿಸಿ, ಮೇಲೆ ದುಂಡಗಿನ ಅಕ್ಷರದಲ್ಲಿ ಸಂಖ್ಯೆ ಬರೆದಿದ್ದ. ಬೇರೆಯವರು ಅವನ್ನು ಮುಟ್ಟಿದರೆ ಅವನಿಗೆ ಮೈಮೇಲೆ ಬಂದಂತಾಗುತ್ತಿತ್ತು. ಪ್ರೊಜೆಕ್ಟರಿನ ಬಲ್ಬು ಸುಟ್ಟುಹೋಗಿ, ಅಂಥದ್ದು ಇನ್ನೆಲ್ಲೂ ಸಿಗುವುದಿಲ್ಲವೆಂದು ಖಾತ್ರಿಯಾದ ಮೇಲಷ್ಟೇ ಸ್ಕ್ಯಾನರ್ ಕೊಳ್ಳಲು ಒಪ್ಪಿದ್ದ, ಅದೂ ಒಲ್ಲದ ಮನಸ್ಸಿನಿಂದ.

ಮೇಜಿನ ಮೇಲೆ ಎರಡು ಯಂತ್ರಗಳಿದ್ದವು. ಒಂದು ಬುತ್ತಿಡಬ್ಬಿಯಷ್ಟು ಚಿಕ್ಕದು, ಸ್ಲೈಡನ್ನು ಚೌಕಟ್ಟಿನ ಸಮೇತ ತೂರಿಸಿದರೆ ಕಣ್ಣು ಮಿಟುಕಿಸುವುದರೊಳಗೆ ಚಿತ್ರ ಬರುತ್ತದೆ. ಇನ್ನೊಂದು ಅಗಲವಾದದ್ದು, ಮುಚ್ಚಳದಲ್ಲೇ ದೀಪವಿರುವಂಥದ್ದು. ಅದು ನಿಧಾನ, ಆದರೆ ನೆರಳಿನಲ್ಲಿ ಅಡಗಿದ್ದನ್ನೂ ಬಿಡದೆ ಹೊರಗೆಳೆಯುತ್ತದೆಂದು ಅಂಗಡಿಯವನು ಹೊಗಳಿದ. ಅಪ್ಪ ಚಿಕ್ಕದರ ಮೇಲೆ ಕೈಯಿಟ್ಟು, ಇದೇ ಸಾಕು ಎಂದ.

ಅವಳಿಗೆ ಸಾಕಾಗುತ್ತಿರಲಿಲ್ಲ. ಅಮ್ಮ ಕೆರೆಯ ಪಾಲಾದಾಗ ಅವಳಿಗೆ ನಾಲ್ಕೇ ವರ್ಷ. ಅಮ್ಮನ ಮುಖ ನೆನಪಿಲ್ಲ. ವರ್ಷಕ್ಕೊಮ್ಮೆ ಅಪ್ಪ ಕಿಟಕಿಗಳನ್ನು ಮುಚ್ಚಿ ಆ ದಿನದ ಸ್ಲೈಡುಗಳನ್ನು ಗೋಡೆಯ ಮೇಲೆ ತೋರಿಸುತ್ತಿದ್ದ. ಮೊದಲು ಕಾರು. ಆಮೇಲೆ ಕೆರೆ, ನೀರಿನ ನಡುವೆ ಉಂಗುರದಂಥ ಅಲೆ, ಅದರ ಮಧ್ಯೆ ಬಿಳಿ ಚುಕ್ಕೆ. ಮೀನು ನೆಗೆದದ್ದು ಎನ್ನುತ್ತಿದ್ದ. ಕೊನೆಗೆ ಬಂಡೆಯ ಮೇಲೆ ಕೂತ ಅಮ್ಮ, ಬಿಳಿ ಟೋಪಿಯ ನೆರಳಿನಲ್ಲಿ ಅರ್ಧ ಮುಖ. “ಇದಾದ್ಮೇಲೆ ಕ್ಯಾಮೆರಾ ಚೀಲಕ್ಕೆ ಹಾಕಿ ಕಾರಿನ ಹತ್ರ ಹೋದೆ. ವಾಪಸ್ ಬರೋ ಹೊತ್ತಿಗೆ ಅವಳಿರಲಿಲ್ಲ,” ಎನ್ನುತ್ತಿದ್ದ. ಪ್ರತಿ ವರ್ಷವೂ ಅದೇ ಮಾತು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಆ ನೆರಳಿನೊಳಗಿನ ಕಣ್ಣುಗಳನ್ನು ಒಮ್ಮೆ ನೋಡಬೇಕೆಂಬುದು ಅವಳ ಆಸೆ. ಅದಕ್ಕೇ ಅಪ್ಪ ಸ್ನಾನಕ್ಕೆ ಹೋಗಿದ್ದಾಗ ಅಮ್ಮನದೂ ಕೆರೆಯದೂ ಎರಡು ಸ್ಲೈಡುಗಳನ್ನು ಕೈಚೀಲಕ್ಕೆ ಹಾಕಿಕೊಂಡು ಬಂದಿದ್ದಳು.

ಅವುಗಳನ್ನು ಹೊರತೆಗೆದಾಗ ಅಪ್ಪ ಚಿಕ್ಕ ಯಂತ್ರದ ಮೇಲಿಂದ ಕೈ ತೆಗೆದ. ಮನೆಗೆ ಹೋಗಿ ನಿಧಾನವಾಗಿ ಯೋಚಿಸೋಣ ಎಂದ.

ಚಿಕ್ಕ ಯಂತ್ರದಲ್ಲಿ ಅಮ್ಮನ ಮುಖ ಮಸಿ ಬಳಿದ ಹಾಗೆ ಬಂತು. ದೊಡ್ಡದರಲ್ಲಿ ಪರವಾಗಿಲ್ಲ, ಆದರೆ ಫಿಲ್ಮು ಹಳತಾಗಿ ಉಬ್ಬಿದ್ದರಿಂದ ಅರ್ಧ ಮಸುಕು. ಚೌಕಟ್ಟಿನಿಂದ ತೆಗೆದು ಗಾಜಿನ ಮೇಲೆ ಚಪ್ಪಟೆಯಾಗಿ ಇಟ್ಟರೆ ಸರಿಹೋಗುತ್ತದೆ ಎಂದ ಅಂಗಡಿಯವನು. ಅಪ್ಪ ಬಾಯಿ ತೆರೆಯುವುದರೊಳಗೆ ಅವಳೇ ಉಗುರು ತೂರಿಸಿ ಬಿಚ್ಚಿದಳು.

ಚೌಕಟ್ಟು ಮುಚ್ಚಿಟ್ಟಿದ್ದ ಅಂಚಿನಲ್ಲಿ ಪುಟ್ಟದೊಂದು ಸಂಖ್ಯೆ ಇತ್ತು. ಹದಿನೇಳು. ಚೌಕಟ್ಟಿನ ಮೇಲೆ ಅಪ್ಪ ಬರೆದದ್ದು ಇಪ್ಪತ್ತು.

“ಅದು ಲ್ಯಾಬಿನಲ್ಲಿ ಹಾಕ್ತಿದ್ದ ನಂಬರ್,” ಎಂದ ಅಪ್ಪ. “ಅದಕ್ಕೇನೂ ಅರ್ಥ ಇಲ್ಲ.”

ಅಂಗಡಿಯವನು ಪಾಪ, ಉಪಕಾರ ಮಾಡುವ ಸ್ವಭಾವದವನು. “ಇಲ್ಲ ಸರ್, ಅದು ಫ್ಯಾಕ್ಟರಿಯಲ್ಲೇ ಅಚ್ಚಾಗಿರುತ್ತೆ. ರೋಲಿನಲ್ಲಿ ಎಷ್ಟನೇ ಚಿತ್ರ ಅಂತ. ಯಾರಿಂದಲೂ ಬದಲಾಯಿಸೋಕೆ ಆಗಲ್ಲ,” ಎಂದು ನಕ್ಕ.

ಅವಳು ಕೆರೆಯ ಸ್ಲೈಡನ್ನೂ ಬಿಚ್ಚಿದಳು. ಚೌಕಟ್ಟಿನ ಮೇಲೆ ಹತ್ತು. ಅಂಚಿನಲ್ಲಿ ಹತ್ತೊಂಬತ್ತು.

ಎರಡನ್ನೂ ಗಾಜಿನ ಮೇಲಿಟ್ಟು ಮುಚ್ಚಳ ಹಾಕಿದರು. ಚಿತ್ರ ಪರದೆಯ ಮೇಲೆ ಪಟ್ಟಿ ಪಟ್ಟಿಯಾಗಿ ಇಳಿಯತೊಡಗಿತು. ಅಮ್ಮನ ಕಣ್ಣುಗಳು ಕೊನೆಗೂ ಕಂಡವು, ಆದರೆ ಅವು ನಗುತ್ತಿರಲಿಲ್ಲ. ಕ್ಯಾಮೆರಾ ಹಿಡಿದವನನ್ನೇ ದಿಟ್ಟಿಸುತ್ತಿದ್ದವು. ಬಳಿಕ ಕೆರೆ ಬಂತು. ಕತ್ತಲೆಯಾಗಿದ್ದ ಮೂಲೆಯಲ್ಲಿ ಅದೇ ಬಂಡೆ, ಖಾಲಿ. ನೀರಿನ ಉಂಗುರದ ನಡುವಿನ ಬಿಳಿ ಚುಕ್ಕೆಯನ್ನು ಅವಳು ದೊಡ್ಡದು ಮಾಡಿದಳು. ಅದು ಮೀನಾಗಿರಲಿಲ್ಲ, ಟೋಪಿ.

ಪರದೆಯಿಂದ ಕಣ್ಣು ಕೀಳದೆ ಅವಳು ಒಂದೇ ಮಾತು ಕೇಳಿದಳು.

“ಹದಿನೆಂಟು ಎಲ್ಲಪ್ಪ?”

ಅಪ್ಪ ಬಿಚ್ಚಿದ ಚೌಕಟ್ಟುಗಳನ್ನು ಒಂದರ ಮೇಲೊಂದು ಸರಿಯಾಗಿ ಜೋಡಿಸುತ್ತಿದ್ದ. ಲ್ಯಾಬಿನಲ್ಲಿ ಗಿರಾಕಿಗಳಿಗೆ ಹೇಳುತ್ತಿದ್ದನಲ್ಲ, ಅದೇ ದನಿಯಲ್ಲಿ ಹೇಳಿದ: “ಅದು ಸರಿಯಾಗಿ ಬಂದಿರಲಿಲ್ಲ ಪುಟ್ಟಿ. ಅಲುಗಾಡಿತ್ತು.”

ಯಾವುದನ್ನು ಪ್ಯಾಕ್ ಮಾಡಲಿ ಎಂದು ಅಂಗಡಿಯವನು ಕೇಳಿದ. ದೊಡ್ಡದು, ಎಂದಳು. ಸ್ಲೈಡುಗಳನ್ನು ಕಾಗದದಲ್ಲಿ ಸುತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡಳು.

ಅಂಗಡಿ ಮೂರನೆಯ ಮಹಡಿಯಲ್ಲಿತ್ತು. ಮೆಟ್ಟಿಲು ಕಡಿದಾಗಿತ್ತು, ಕಟಾಂಜನ ಒಂದೇ ಪಕ್ಕಕ್ಕೆ. ಅಪ್ಪ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ಅವಳಿಗೆ ದಾರಿ ಬಿಟ್ಟು ಗೋಡೆಗೆ ಸರಿದು ನಿಂತ.

“ಹೋಗು, ನಾನು ಹಿಂದೆ ಬರ್ತೀನಿ.”

“ನೀನು ಮೊದಲು ಇಳಿ.”

ಅವನು ಸ್ವಲ್ಪ ಹೊತ್ತು ಅವಳನ್ನು ನೋಡಿದ. ಆಮೇಲೆ ಇಳಿಯತೊಡಗಿದ, ಒಂದೊಂದೇ ಮೆಟ್ಟಿಲು ಕಾಲಿನಿಂದ ತಡಕುತ್ತ. ಅವಳು ಕಟಾಂಜನ ಹಿಡಿದು ಮೇಲೆಯೇ ನಿಂತಿದ್ದಳು. ಅವನ ಹೆಜ್ಜೆಯ ಸದ್ದು ಬೀದಿಗೆ ಸೇರುವವರೆಗೂ ಒಂದು ಮೆಟ್ಟಿಲೂ ಇಳಿಯಲಿಲ್ಲ.