ನಾನು ಕಚ್ಚಿದ ಆ ಒಂದು ಟಿಕೆಟ್ಟು

ನಾನು ರೈಲು ಟಿಕೆಟ್ಟಿಗೆ ತೂತು ಹೊಡೆಯುವ ಇಕ್ಕಳ. ಗೇಟಿನವರು ನನ್ನನ್ನು ಪಂಚ್ ಎನ್ನುತ್ತಿದ್ದರು. ಎರಡು ಉಕ್ಕಿನ ಹಿಡಿ, ನಡುವೆ ಒಂದು ಸ್ಪ್ರಿಂಗು, ಮುಂದೆ ಒಂದೇ ಹಲ್ಲಿನ ಬಾಯಿ. ನನ್ನ ದೇಹವೆಂದರೆ ಇಷ್ಟೇ.

ಹುಟ್ಟಿದ್ದು ರೈಲ್ವೆಯ ಒಂದು ವರ್ಕ್‌ಶಾಪಿನಲ್ಲಿ. ಅಲ್ಲಿ ಎಂಜಿನ್ನಿನ ದೊಡ್ಡ ದೊಡ್ಡ ಭಾಗಗಳನ್ನು ಮಾಡುತ್ತಿದ್ದರು. ನನ್ನಂಥವರನ್ನು ಮೂಲೆಯ ಮೇಜಿನ ಮೇಲೆ ಬಿಡುವಿನಲ್ಲಿ ಮಾಡುತ್ತಿದ್ದರು. ಒಬ್ಬ ಮುದಿ ಫಿಟ್ಟರ್ ಅರ ಹಾಕಿ ನನ್ನ ಹಲ್ಲು ತಿದ್ದಿದ. ತನ್ನ ಬೀಡಿ ಕಟ್ಟಿನ ಕಾಗದವನ್ನು ಬಾಯಿಗಿಟ್ಟು ಒಮ್ಮೆ ಹಿಂಡಿದ. ತೂತಿನ ಅಂಚು ನೀಟಾಗಿ ಬಂದಿತ್ತು. "ನಡೀ, ದುಡಕೊಂಡು ತಿನ್ನು" ಎಂದು ನನ್ನನ್ನು ಪೆಟ್ಟಿಗೆಗೆ ಎಸೆದ.

ಪೆಟ್ಟಿಗೆ ಹೋಗಿ ತಲುಪಿದ್ದು ಮರಡಿಹಾಳ ಜಂಕ್ಷನ್ನಿಗೆ. ನನ್ನನ್ನು ಮೊದಲು ಕೈಯಲ್ಲಿ ಹಿಡಿದವರು ಟಿಕೆಟ್ ಕಲೆಕ್ಟರ್ ಖಾದರಸಾಹೇಬರು. ಆಗ ಟಿಕೆಟ್ಟೆಂದರೆ ಹೆಬ್ಬೆರಳಗಲದ ದಪ್ಪ ರಟ್ಟು. ಗಾಡಿ ಹತ್ತಲು ಬಂದವರು ಅದನ್ನು ಗೇಟಿನಲ್ಲಿ ಕೊಡಬೇಕು, ನಾನು ಕಚ್ಚಬೇಕು, ಅವರು ಒಳಗೆ ಹೋಗಬೇಕು. ಒಮ್ಮೆ ತೂತು ಬಿದ್ದ ಟಿಕೆಟ್ಟಿನಿಂದ ಎರಡನೆಯ ಸಲ ಗೇಟು ದಾಟಲಾಗದು.

ಟಿಕೆಟ್ಟುಗಳು ಎಲ್ಲೆಲ್ಲಿಂದಲೋ ಬರುತ್ತಿದ್ದವು. ತಲೆಗೆ ಸುತ್ತಿದ ಪಟಗದ ಮಡಿಕೆಯಿಂದ, ಎಲೆಯಡಿಕೆ ಚೀಲದಿಂದ, ಕುಪ್ಪಸದೊಳಗಿನಿಂದ ಬೆವರು ಕುಡಿದು ಮೆತ್ತಗಾಗಿ. ಎರಡೂ ಕೈಯಲ್ಲಿ ಗಂಟು ಹಿಡಿದವರು ಹಲ್ಲಲ್ಲಿ ಕಚ್ಚಿಕೊಂಡು ಬಂದು ಜೊಲ್ಲಿನ ಸಮೇತ ಮುಂದೊಡ್ಡುತ್ತಿದ್ದರು. ಅದೆಲ್ಲ ನನಗೆ ಎಂದೂ ಹೇಸಿಗೆ ಎನಿಸಲಿಲ್ಲ. ಹೇಸಿಗೆ ಏನೆಂದು ಮೊದಲು ತಿಳಿದದ್ದು ಶುಚಿಯಾದ ಒಬ್ಬ ಮನುಷ್ಯನಿಂದ.

ವಾರಕ್ಕೆರಡು ದಿನ ಸಾಹೇಬರಿಗೆ ಪ್ಯಾಸೆಂಜರ್ ಗಾಡಿಯಲ್ಲಿ ತಪಾಸಣೆ ಕೆಲಸ. ಒಂದು ದಿನ ಡಬ್ಬಿಯ ಪಾಯಖಾನೆಯ ಬಾಗಿಲು ಒಳಗಿನಿಂದ ಹಾಕಿತ್ತು. ಬಡಿದರೆ, "ಹೊಟ್ಟಿ ಸರಿ ಇಲ್ರಿ" ಎಂದಿತು ಒಂದು ದನಿ.

"ಸಾವಕಾಶ ಬರ್ರಿ. ನಾ ಇಲ್ಲೇ ಕುಂತಿರ್ತೀನಿ" ಎಂದು ಸಾಹೇಬರು ಯಾರದೋ ಟ್ರಂಕಿನ ಮೇಲೆ ಕುಳಿತರು.

ಮೂರು ಸ್ಟೇಷನ್ ಕಳೆದವು. ನಾಲ್ಕನೆಯದಕ್ಕೆ ಬಾಗಿಲು ತೆರೆಯಿತು. ರೇಷ್ಮೆ ಜುಬ್ಬ, ಬೆರಳಿಗೆ ಉಂಗುರ, ಮೂಗಿಗೆ ಅತ್ತರಿನ ಕರವಸ್ತ್ರ. ಊರಿನ ದೊಡ್ಡ ಬಟ್ಟೆ ಅಂಗಡಿಯ ಮಾಲೀಕ. ಹನ್ನೆರಡಾಣೆ ಉಳಿಸಲು ಆ ನಾತದಲ್ಲಿ ಮುಕ್ಕಾಲು ಗಂಟೆ ನಿಂತಿದ್ದ.

"ನಾ ಯಾರು ಗೊತ್ತೈತೇನು?" ಎಂದ.

"ಗೊತ್ತೈತ್ರಿ. ಟಿಕೀಟ ಇಲ್ದವ್ರು" ಎಂದು ಸಾಹೇಬರು ದಂಡದ ರಸೀದಿ ಬರೆದರು. ಅವರು ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ದಿನದ ಕೆಲಸ ಮುಗಿದ ಮೇಲೆ ಬನಿಯನ್ ಚಿಂದಿಯಿಂದ ನನ್ನ ಬಾಯಿ ಒರೆಸಿ, ಒಂದು ತೊಟ್ಟು ಎಣ್ಣೆ ಬಿಟ್ಟು, ಆಮೇಲೆ ತಮ್ಮ ಚಹಾ ಕುಡಿಯುತ್ತಿದ್ದರು. ಹತ್ತೊಂಬತ್ತು ವರ್ಷ ಹಾಗೆ ನಡೆಯಿತು.

ಅವರು ನಿವೃತ್ತರಾದ ಮರುದಿನ ನಾನು ರಾಚಪ್ಪ ಸವಣೂರನ ಕೈಗೆ ಬಿದ್ದೆ. ಇವನಿಗೆ ಬಹುವಚನ ಹಚ್ಚಲು ನನ್ನ ಬಾಯಿ ಒಪ್ಪದು. ಕುತ್ತಿಗೆಗೆ ಪೌಡರು, ಹಣೆಗೆ ವಿಭೂತಿ, ಇಸ್ತ್ರಿ ಹೊಡೆದ ಕರಿಕೋಟು. ಮೊದಲ ವಾರವೇ ಗೇಟಿನ ಸ್ಟೂಲಿನ ಮೇಲೆ ಕುಳಿತು ನನ್ನಿಂದ ಕಾಲಿನ ಉಗುರು ಕತ್ತರಿಸಿಕೊಂಡ. ಒರೆಸದೆ, ಅದೇ ಬಾಯಲ್ಲಿ ಅಡಿಕೆ ಒಡೆದು ತನ್ನ ಬಾಯಿಗೆ ಹಾಕಿಕೊಂಡ. ಕೆಲಸ ಮುಗಿದರೆ ನನ್ನನ್ನು ಕೋಟಿನ ಜೇಬಿನ ತಳಕ್ಕೆ ತುರುಕುತ್ತಿದ್ದ. ಅಲ್ಲಿ ಅಡಿಕೆಯ ಪುಡಿ, ತಂಬಾಕು, ಸುಣ್ಣದ ಹಸಿ ಎಲ್ಲ ಸೇರಿ ಒಂದು ಅಂಟು ಆಗಿತ್ತು. ಅದರಲ್ಲಿ ನನ್ನ ಸ್ಪ್ರಿಂಗು ಕಚ್ಚಿಕೊಳ್ಳುತ್ತಿತ್ತು.

ಸ್ವಲ್ಪ ದಿನದಲ್ಲೇ ಅವನು ಗೇಟಿನಲ್ಲಿ ನನ್ನನ್ನು ಬಳಸುವುದನ್ನೇ ಕಡಿಮೆ ಮಾಡಿದ. ಜನ ಟಿಕೆಟ್ಟು ಚಾಚಿದರೆ "ಹೋಗ್ರಿ, ಹೋಗ್ರಿ" ಎಂದು ಕೈ ಆಡಿಸುತ್ತಿದ್ದ. ಸೋಮಾರಿ ಎಂದುಕೊಂಡೆ. ನಿಜ ಸಂಗತಿ ಸೋಮಾರಿತನಕ್ಕಿಂತ ಕೊಳಕಾಗಿತ್ತು. ತೂತಿಲ್ಲದ ಟಿಕೆಟ್ಟುಗಳು ನಗರದ ಸ್ಟೇಷನ್ನಿನಲ್ಲಿ ಇಳಿದವರಿಂದ ಅಲ್ಲಿಯ ಗೇಟಿನವನ ಕೈ ಸೇರುತ್ತಿದ್ದವು. ಅವನೂ ಇವನೂ ಜೊತೆಗಾರರು. ಸಂಜೆಯ ಗಾಡಿಯಲ್ಲಿ ಚಹಾ ಮಾರುವ ಮಲ್ಲೇಶಿ ಅವನ್ನು ಕೆಟಲಿನ ಬುಟ್ಟಿಯ ಅಡಿಯಲ್ಲಿಟ್ಟು ವಾಪಸು ತರುತ್ತಿದ್ದ. ಮರುದಿನ ಬೆಳಿಗ್ಗೆ ಕೌಂಟರಿನ ಸಾಲು ಉದ್ದವಿದ್ದಾಗ ಸಾಲಿನ ತುದಿಯವರ ಹತ್ತಿರ ಹೋಗಿ, "ಗಾಡಿ ಬಿಡತೈತಿ, ನನ್ನ ಕಡೆ ಒಂದು ಟಿಕೀಟ ಹೆಚ್ಚಿಗಿ ಐತಿ, ತಗೋರಿ" ಎನ್ನುತ್ತಿದ್ದ. ರಟ್ಟಿನ ಅಂಚಿಗೆ ಒತ್ತಿದ ತಾರೀಖು ಮಸಕಾಗಿರುತ್ತಿತ್ತು. ಓಡುವವರು ಯಾರು ಅದನ್ನು ನೋಡುತ್ತಾರೆ? ನಾನು ಕಚ್ಚದೆ ಇದ್ದಷ್ಟು ದಿನ ಒಂದೇ ಟಿಕೆಟ್ಟು ನಾಲ್ಕು ಸಲ ಮಾರಾಟವಾಗುತ್ತಿತ್ತು.

ಫಕೀರವ್ವ ದಿನಾ ಬೆಳಗಿನ ಗಾಡಿಗೆ ನಗರಕ್ಕೆ ಹೋಗುವವಳು. ಅಲ್ಲಿಯ ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ಆರು ವರ್ಷ ದಿನಗೂಲಿ ಮಾಡಿದ್ದಳು. ಅವಳನ್ನು ಕಾಯಂ ಮಾಡುವ ಪತ್ರ ಕೊಡಲು ಆಫೀಸಿನವರು ಆ ದಿನ ಹತ್ತು ಗಂಟೆಗೆ ಬರಹೇಳಿದ್ದರು. ಗೇಟಿನ ಸಾಲಿನಲ್ಲಿ ಜೊತೆಯ ಹೆಂಗಸರು ಅದನ್ನೇ ಹೇಳಿ ಅವಳನ್ನು ಚೇಷ್ಟೆ ಮಾಡುತ್ತಿದ್ದರು. ಅವಳು ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಸೆರಗಿನ ಗಂಟು ಬಿಚ್ಚಿ ಟಿಕೆಟ್ಟು ತೋರಿಸಿದಳು. ರಾಚಪ್ಪ ಎಂದಿನಂತೆ ಕೈ ಆಡಿಸಿದ.

ಹತ್ತು ಹೆಜ್ಜೆ ಒಳಗೆ, ಹೇಳದೆ ಕೇಳದೆ ಬಂದ ತಪಾಸಣೆ ತಂಡ ನಿಂತಿತ್ತು. ಇನ್‌ಸ್ಪೆಕ್ಟರ್ ಫಕೀರವ್ವನ ಟಿಕೆಟ್ಟು ಇಸಿದುಕೊಂಡು ಬೆಳಕಿಗೆ ಹಿಡಿದರು.

"ಇದು ನಿನ್ನಿ ತಾರೀಖಿಂದು" ಎಂದರು.

"ಈಗ ತಗೊಂಡೇನ್ರಿ ಸಾಹೇಬ್ರ. ಚಹಾದ ಮಲ್ಲೇಶಿ ಕಡೆ."

ಮಲ್ಲೇಶಿಯ ಹೆಸರು ಕೇಳಿದ್ದೇ ರಾಚಪ್ಪ ಗೇಟು ಬಿಟ್ಟು ಅವರತ್ತ ಓಡಿದ. ಓಡುತ್ತಲೇ ನನ್ನನ್ನು ಅಂಗೈಯಲ್ಲಿ ಮುಚ್ಚಿಕೊಂಡ. ನಿನ್ನೆಯ ಟಿಕೆಟ್ಟು, ಅದರಲ್ಲಿ ತೂತಿಲ್ಲ ಎಂದರೆ ಪ್ರಶ್ನೆ ಏಳುವುದು ಗೇಟಿನವನ ಮೇಲೆ. ತೂತಿದ್ದರೆ ಮಾತೇ ಬೇರೆ. ನಿನ್ನೆ ತೂತು ಹೊಡೆಸಿ ಪ್ರಯಾಣ ಮಾಡಿದವಳು ಇವತ್ತು ಅದನ್ನೇ ಹಿಡಿದು ನುಸುಳಿದ್ದಾಳೆ ಎಂದಾಗುತ್ತದೆ.

"ಕೊಡ್ರಿ ಸರ್, ನೋಡೋಣ" ಎಂದು ಅವನು ಟಿಕೆಟ್ಟು ಇಸಿದುಕೊಂಡ. ಬೆಳಕಿನತ್ತ ತಿರುಗುವವನಂತೆ ಬೆನ್ನು ತಿರುಗಿಸಿದ. ಜೋರಾಗಿ ಕೆಮ್ಮಿದ. ಆ ಕೆಮ್ಮಿನೊಳಗೆ ನನ್ನನ್ನು ಹಿಂಡಿದ.

ನಾನು ಕಚ್ಚಿದೆ.

"ನಿನ್ನೆ ನಾನ ಪಂಚ್ ಮಾಡಿದ್ದು ಸರ್. ನೋಡ್ರಿ ತೂತ. ಗದ್ದಲದಾಗ ಒಳಗ ನುಸುಳ್ಯಾಳ. ಈ ಮಂದೀದು ಯಾವಾಗಲೂ ಇದಾ ಚಾಳಿ."

ಫಕೀರವ್ವ ಕೆಳಗೆ ನೋಡುತ್ತಿದ್ದಳು. ರಟ್ಟಿನ ಪುಟ್ಟ ಚೂರು ಅವಳ ಪಾದದ ಮೇಲೆ ಬಿದ್ದು ನೆಲಕ್ಕೆ ಜಾರಿತ್ತು. "ಈಗ ಹೊಡದಾರ್ರಿ ಅದನ್ನ" ಎಂದಳು ಮೆಲ್ಲಗೆ. "ಚೂರು ಇಲ್ಲೇ ಬಿದ್ದೈತಿ, ನೋಡ್ರಿ."

ಇನ್‌ಸ್ಪೆಕ್ಟರ್ ನೋಡಿದರು. ಚೂರನ್ನು ನೋಡಿದರು, ರಾಚಪ್ಪನ ಮುಖ ನೋಡಿದರು. ಆಮೇಲೆ ಒಂದು ಹೆಜ್ಜೆ ಮುಂದೆ ಬಂದು ತಮ್ಮ ಬೂಟನ್ನು ಆ ಚೂರಿನ ಮೇಲೆ ಇಟ್ಟು ನಿಂತರು.

"ಯಾವ ಚೂರು?" ಎಂದರು.

ಉಗುರು, ತಂಬಾಕು, ಎಂಜಲಡಿಕೆ, ಎಲ್ಲವೂ ನನ್ನ ಬಾಯಲ್ಲಿ ಬಂದು ಹೋಗಿವೆ. ಆ ಬೂಟಿನಷ್ಟು ಅಸಹ್ಯವಾದದ್ದನ್ನು ನಾನು ಕಂಡಿಲ್ಲ. ಅದಕ್ಕಿಂತ ಅಸಹ್ಯವಾದದ್ದು ನನ್ನ ಬಾಯೇ ಆಗಿತ್ತು.

ದಂಡ ಕೊಡಲು ಅವಳ ಹತ್ತಿರ ದುಡ್ಡಿರಲಿಲ್ಲ. ಅವಳನ್ನು ಮ್ಯಾಜಿಸ್ಟ್ರೇಟರ ಮುಂದೆ ಕರೆದೊಯ್ದರು. ಸಂಜೆ ಅಣ್ಣ ಬಂದು ದಂಡ ಕಟ್ಟಿ ಬಿಡಿಸಿಕೊಂಡನಂತೆ. ಆಸ್ಪತ್ರೆಯಲ್ಲಿ ಆ ಪತ್ರ ಬೇರೊಬ್ಬಳ ಹೆಸರಿಗೆ ಹೋಯಿತಂತೆ. ಕಳ್ಳ ಟಿಕೆಟ್ಟಿನವಳನ್ನು ಬಾಣಂತಿಯರ ವಾರ್ಡಿಗೆ ಹೇಗೆ ಬಿಡುವುದು ಎಂದರಂತೆ. ಕೂಲಿಗೆ ಮಾತ್ರ ಬರಬಹುದು ಎಂದರಂತೆ. ಇದೆಲ್ಲ ನನಗೆ ಗೇಟಿನ ಹೆಂಗಸರ ಮಾತಿನಿಂದ ತಿಳಿಯಿತು.

ಐದನೆಯ ದಿನ ಅವಳು ಬಂದಳು. ಗಾಡಿಗಿಂತ ಒಂದು ಗಂಟೆ ಮೊದಲೇ ಬಂದು ಕೌಂಟರಿನಲ್ಲಿ ನಿಂತು ಟಿಕೆಟ್ಟು ತೆಗೆದುಕೊಂಡಿದ್ದಳು. ಗೇಟಿಗೆ ಬಂದು ರಾಚಪ್ಪನ ಎದುರು ನಿಂತಳು.

"ತೂತ ಹೊಡೀರಿ."

"ಹೋಗಬೇ, ಹೋಗು."

"ನನ್ನ ಕಣ್ಣ ಮುಂದ ಹೊಡೀರಿ. ಹೊಡಿಯೂತನಕ ನಾ ಸರಿಯಂಗಿಲ್ಲ."

ಹಿಂದಿನವರು ಕೂಗಾಡಿದರು. ಗಾಡಿ ಸೀಟಿ ಹಾಕಿತು. ಅವಳು ಅಲುಗಲಿಲ್ಲ. ರಾಚಪ್ಪ ಹಲ್ಲು ಕಚ್ಚಿ ನನ್ನನ್ನು ಹಿಂಡಿದ. ಅವಳು ಟಿಕೆಟ್ಟು ಎತ್ತಿ ಹಿಡಿದು, ತೂತಿನೊಳಗಿಂದ ಬೆಳಕು ಬರುವುದನ್ನು ನೋಡಿ, ಗಾಡಿಯ ಕಡೆ ಓಡಿದಳು.

ಮರುದಿನವೂ ಹಾಗೆಯೇ. ಅದರ ಮರುದಿನವೂ. ಅವಳು ದೂರದಲ್ಲಿ ಕಂಡರೆ ರಾಚಪ್ಪ ಚಹಾದಂಗಡಿಯ ಹಿಂದೆ ಸರಿಯುತ್ತಿದ್ದ. ಅವನು ಬರುವ ತನಕ ಅವಳು ಗೇಟಿನ ನಡುವೆ ಅಡ್ಡ ನಿಂತಿರುತ್ತಿದ್ದಳು. ಎರಡು ಸಲ ಗಾಡಿ ತಪ್ಪಿಸಿಕೊಂಡಳು. ತಿಂಗಳೊಳಗೆ ಜೊತೆಯ ಹೆಂಗಸರೂ ಕೇಳತೊಡಗಿದರು: "ನಮ್ದೂ ಹೊಡೀರಿ, ಇಲ್ಲೇ ಹೊಡೀರಿ." ಮಳೆಗಾಲ ಮುಗಿಯುವ ಹೊತ್ತಿಗೆ ಬೆಳಗಿನ ಗಾಡಿಯಲ್ಲಿ ತೂತಿಲ್ಲದ ಟಿಕೆಟ್ಟು ಇರಲಿಲ್ಲ. ಮಲ್ಲೇಶಿಯ ಬುಟ್ಟಿಯಲ್ಲಿ ಚಹಾ ಮಾತ್ರ ಉಳಿಯಿತು.

ಅವಳಿಗೆ ಕಾಯಂ ಪತ್ರ ಸಿಗಲಿಲ್ಲ. ಕೂದಲು ಬೆಳ್ಳಗಾಗುವ ತನಕ ದಿನಗೂಲಿಯಲ್ಲೇ ಆ ಗೇಟು ದಾಟಿದಳು. ರಾಚಪ್ಪನಿಗೂ ಏನೂ ಆಗಲಿಲ್ಲ. ಅವನು ನಿವೃತ್ತನಾದ ದಿನ ಪ್ಲಾಟ್‌ಫಾರ್ಮಿನ ಮೇಲೆ ಕುರ್ಚಿ ಹಾಕಿ, ಶಾಲು ಹೊದಿಸಿ, ಹಾರ ಹಾಕಿದರು. ಅದೇ ಇನ್‌ಸ್ಪೆಕ್ಟರ್ ಎದ್ದು ನಿಂತು, "ಇವರ ಕೋಟಿನ ಮೇಲೆ ಒಂದು ಕಲೆ ತೋರಿಸ್ರಿ ನೋಡೋಣ" ಎಂದರು. ಚಪ್ಪಾಳೆ ಬಿತ್ತು. ಆ ಕೋಟಿನ ಜೇಬಿನ ತಳದಲ್ಲಿ, ಆ ಅಂಟಿನಲ್ಲಿ, ನಾನಿದ್ದೆ.

ಆಮೇಲೆ ಕಂಪ್ಯೂಟರಿನ ಕಾಗದದ ಟಿಕೆಟ್ಟು ಬಂತು. ನನಗೆ ಕೆಲಸ ಮುಗಿಯಿತು. ಕೆಲವು ವರ್ಷ ಕಪಾಟಿನಲ್ಲಿ, ಕೆಲವು ವರ್ಷ ಗುಜರಿಯಲ್ಲಿ ಬಿದ್ದಿದ್ದೆ. ಒಂದು ಸಂತೆಯ ದಿನ ಚಪ್ಪಲಿ ಹೊಲಿಯುವ ಯಮನೂರಪ್ಪ ನನ್ನನ್ನು ಎತ್ತಿ ನೋಡಿ, ಚೌಕಾಸಿ ಮಾಡಿ ಕೊಂಡ. ಸೀಮೆಎಣ್ಣೆಯಲ್ಲಿ ಎರಡು ದಿನ ನೆನೆಹಾಕಿ ತಿಕ್ಕಿದ. ಈಗ ಬಸ್‌ಸ್ಟ್ಯಾಂಡಿನ ಗೋಡೆಯ ಪಕ್ಕ, ಅವನ ಮೊಣಕಾಲಿನ ಹತ್ತಿರ ನನ್ನ ವಾಸ. ಚಪ್ಪಲಿಯ ಪಟ್ಟಿಗೆ, ಬೆಲ್ಟಿಗೆ ತೂತು ಹಾಕುತ್ತೇನೆ.

ಒಮ್ಮೊಮ್ಮೆ ಯೋಚಿಸುತ್ತೇನೆ. ಹಿಂಡಿದ ಕೈ ನನ್ನದಲ್ಲ ಎಂದು ಹೇಳಿ ನಾನು ಪಾರಾಗಬಹುದು. ಆ ಇನ್‌ಸ್ಪೆಕ್ಟರ್ ಕೂಡ ಹಾಗೆಯೇ ಏನೋ ಒಂದು ಹೇಳಿಕೊಂಡು ಮಲಗಿರಬೇಕು. ಹಲ್ಲು ಮಾತ್ರ ನನ್ನದೇ ಆಗಿತ್ತು.

ನಿನ್ನೆ ಒಬ್ಬ ಟೀಚರಮ್ಮ ಬಂದಿದ್ದರು. ಹಸಿ ತೊಗಲಿನ ವಾಸನೆಗೆ ಮೂಗು ಮುಚ್ಚಿಕೊಂಡೇ ನಿಂತರು. ಚಪ್ಪಲಿಯ ಪಟ್ಟಿ ಸರಿಯಾದ ಮೇಲೆ, ಯಮನೂರಪ್ಪನ ಕೈ ತಾಗದಂತೆ ನಾಣ್ಯವನ್ನು ಮೇಲಿಂದ ಬಿಟ್ಟು, ಬೆರಳು ಒರೆಸಿಕೊಂಡು ಹೋದರು. ಅವನು ಅದನ್ನು ನೋಡಿದ. ನನ್ನ ಬಾಯಿಗೆ ಅಂಟಿದ್ದ ತೊಗಲಿನ ಎಳೆಯನ್ನು ಅಂಗಿಯ ಚುಂಗಿನಿಂದ ಒರೆಸಿ, ಮುಂದಿನ ಚಪ್ಪಲಿ ಎತ್ತಿಕೊಂಡ.